ಸ್ಲ್ಯಾಬ್ ದಿನ ಮಿಕ್ಸರ್ ಪಕ್ಕ ನಿಲ್ಲಿ: ಮನೆ ಕಟ್ಟಿಸುವವರು ಕಾಂಕ್ರೀಟ್ ಕೆಲಸ ನೋಡಿಕೊಳ್ಳುವ ಬಗೆ

ನಮ್ಮ ಸಿಂಧನೂರಿನ ಮನೆಗೆ ಸ್ಲ್ಯಾಬ್ ಹಾಕಿದ ದಿನ ನಾನು ಶಾಮಿಯಾನದ ಕೆಳಗೇ ಇದ್ದೆ. ಬಂದವರಿಗೆ ಟೀ ಕೊಡಬೇಕು, ಬೀಗರನ್ನು ಮಾತಾಡಿಸಬೇಕು, ಕೆಲಸದವರ ಊಟಕ್ಕೆ ಹುಗ್ಗಿ ಆಯಿತಾ ಎಂದು ನೋಡಬೇಕು. ಬೆಳಿಗ್ಗೆ ಮಿಕ್ಸರ್‌ಗೆ ಪೂಜೆ ಮಾಡಿ ಕಾಯಿ ಒಡೆದಿದ್ದು ಬಿಟ್ಟರೆ ಸಂಜೆವರೆಗೂ ಆ ಕಡೆ ಹೋಗಲೇ ಇಲ್ಲ. ಮೂರನೇ ಮಳೆಗಾಲದಲ್ಲಿ ಹಾಲ್‌ನ ಮೂಲೆಯಲ್ಲಿ ತೇವ ಕಾಣಿಸಿತು. ಫ್ಯಾನ್ ಹುಕ್ ಹತ್ತಿರ ಗಿಲಾವು ಉಬ್ಬಿ ಬಿತ್ತು. ಒಡೆದು ನೋಡಿದರೆ ಒಳಗೆ ತುಕ್ಕು ಹಿಡಿದ ರಾಡು. ಅದರ ಕೆಳಗೆ ಕಾಂಕ್ರೀಟೇ ಇರಲಿಲ್ಲ. ರಾಡನ್ನು ಮುಚ್ಚಿದ್ದು ಬರೀ ಗಿಲಾವು.

ಆಮೇಲೆ ತಮ್ಮ ಗಂಗಾವತಿಯಲ್ಲಿ ಮನೆ ಕಟ್ಟಿಸಿದ. ಆ ಮನೆಯ ಪಾಯದಿಂದ ಹಿಡಿದು ಕೊನೆಯವರೆಗೂ ನಾನು ನಿಂತು ನೋಡಿದೆ. ನಾನು ಇಂಜಿನಿಯರ್ ಅಲ್ಲ. ಪರಿಚಯದ ಸಿವಿಲ್ ಇಂಜಿನಿಯರ್ ಒಬ್ಬರು ಸೈಟಿಗೆ ಬಂದು ಏನು ನೋಡಬೇಕು, ಹೇಗೆ ಅಳೆಯಬೇಕು ಎಂದು ತಾಳ್ಮೆಯಿಂದ ಹೇಳಿಕೊಟ್ಟರು. ಮೊದಲ ದಿನವೇ ಅವರು ಹೇಳಿದ್ದು ಇಷ್ಟು: "ಸಿಮೆಂಟ್ ಚೀಲ ಆಮ್ಯಾಲ ಎಣಿಸ್ರಿ, ಮೊದ್ಲು ನೀರಿನ ಬಕೆಟ್ ಎಣಿಸ್ರಿ."

ಆ ಮಾತು ಎಷ್ಟು ನಿಜ ಅಂತ ಕೆಲಸ ಮುಗಿಯುವಷ್ಟರಲ್ಲಿ ಗೊತ್ತಾಯಿತು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆ ಕೆಡುವುದರ ಹಿಂದೆ ಬಹಳ ಸಲ ನೀರೇ ಇರುತ್ತದೆ. ಎರೆ ಮಣ್ಣು ಉಬ್ಬುವುದು ನೀರಿನಿಂದ. ಕಾಂಕ್ರೀಟ್ ಕಲಸುವಾಗ ನೀರು ಜಾಸ್ತಿ ಆಗುತ್ತದೆ, ಹಾಕಿದ ಮೇಲೆ ಬೇಕಾದಷ್ಟು ನೀರು ಸಿಗುವುದಿಲ್ಲ. ಅದಕ್ಕೇ ಈ ಲೇಖನದ ತುಂಬ ನೀರಿನ ಲೆಕ್ಕವೇ ಬರುತ್ತದೆ.

ಸೈಟಿಗೆ ಹೋಗುವಾಗ ಒಂದು ಟೇಪು, 10 ಲೀಟರ್ ಗೆರೆ ಇರುವ ಬಕೆಟ್, ನೇರ ಗೋಡೆಯ ಗಾಜಿನ ಬಾಟಲಿ, ಕಬ್ಬಿಣದ ಮೊಳೆ, ಚಿಕ್ಕ ಸುತ್ತಿಗೆ, ಒಂದು ನೋಟ್‌ಬುಕ್ ಇರಲಿ. ಫೋನ್ ಹೇಗೂ ಕೈಯಲ್ಲಿ ಇರುತ್ತದೆ.

ಮೊದಲು ಮಣ್ಣು

ಬೇಸಿಗೆಯಲ್ಲಿ ಎರೆ ಹೊಲಕ್ಕೆ ಹೋದರೆ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಕಾಣುತ್ತದೆ. ಮಳೆ ಬಂದ ಮೇಲೆ ಅದೇ ನೆಲ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮನೆಯ ಪಾಯ ಈ ಉಬ್ಬಿ ಇಳಿಯುವ ಪದರದಲ್ಲಿ ನಿಂತರೆ ಪ್ರತಿ ವರ್ಷ ಅದೂ ಏರಿ ಇಳಿಯುತ್ತದೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಗೋಡೆ ಸೀಳುವುದು ಹೀಗೆಯೇ. ಎಷ್ಟು ಒಳ್ಳೆ ಸಿಮೆಂಟ್ ಹಾಕಿದರೂ ಈ ಸೀಳು ನಿಲ್ಲುವುದಿಲ್ಲ.

ಆದ್ದರಿಂದ ಪಾಯದ ಗುಂಡಿ ತೋಡಿದಾಗ ಒಳಗೆ ಇಳಿದು ನೋಡಿ. ಎರೆ ಮಣ್ಣು ಮುಗಿದು ಗರಸು ಸಿಕ್ಕಿತಾ? ಗುಂಡಿಯ ಗೋಡೆಯಲ್ಲಿ ಬಿರುಕು ಎಲ್ಲಿವರೆಗೆ ಇಳಿದಿದೆ? ಬಿರುಕಿನ ಕೆಳಗೆ, ಗಟ್ಟಿ ಗರಸಿನ ಮೇಲೆ ಪಾಯ ಕೂರಬೇಕು. ಐದಾರು ಅಡಿ ತೋಡಿದರೂ ಎರೆ ಮುಗಿಯಲಿಲ್ಲ ಎಂದರೆ ಅಲ್ಲಿಗೆ ನಿಲ್ಲಿಸಿ ಇಂಜಿನಿಯರನ್ನು ಕರೆಸಿ. ಇಂಥ ಕಡೆ ತಳದಲ್ಲಿ ಬಲ್ಬಿನಂತೆ ಅಗಲವಾಗಿರುವ ಅಂಡರ್ ರೀಮ್ಡ್ ಪೈಲ್ ಹಾಕುವ ಪದ್ಧತಿ ಇದೆ. ಎರೆ ಆಳವಾಗಿದ್ದರೆ ಈ ಪೈಲ್ ನೆಲದಿಂದ ಕನಿಷ್ಠ 3.5 ಮೀಟರ್ ಇಳಿಯಬೇಕು. ಖರ್ಚು ಜಾಸ್ತಿ, ನಿಜ. ಆದರೆ ಗೋಡೆ ಸೀಳಿದ ಮೇಲೆ ಪಾಯ ಸರಿಮಾಡುವುದು ಎಷ್ಟು ಕಷ್ಟ ಅಂತ ಸೀಳಿದ ಮನೆಯವರನ್ನು ಕೇಳಿ.

ತೋಡಿದ ಎರೆ ಮಣ್ಣನ್ನೇ ಮತ್ತೆ ಗುಂಡಿಗೆ ತುಂಬುವುದು ನಮ್ಮ ಕಡೆ ಬಹಳ ಸಾಮಾನ್ಯ. ಇದಕ್ಕೆ ಒಪ್ಪಬೇಡಿ. ಗರಸು ತರಿಸಿ, ಅರ್ಧ ಅಡಿಯಷ್ಟು ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ, ಮತ್ತೆ ಇನ್ನೊಂದು ಪದರ ಹಾಕಬೇಕು. ಮನೆ ಮುಗಿದ ಮೇಲೆ ಸುತ್ತಲೂ ಮೂರು ನಾಲ್ಕು ಅಡಿ ಅಗಲಕ್ಕೆ ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಅಥವಾ ಕಲ್ಲು ಹಾಸಿ. ಮಳೆ ನೀರು, ಬಚ್ಚಲ ನೀರು ಪಾಯದ ಪಕ್ಕ ಇಂಗದಂತೆ ದೂರ ಹೋಗಲಿ.

ತುಂಗಭದ್ರಾ ಕಾಲುವೆಯ ನೀರಾವರಿ ಇರುವ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಇನ್ನೊಂದು ತೊಂದರೆ ಇದೆ. ಕೆಲವು ಕಡೆ ನೆಲ ಸವಳು. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಏಳುವುದನ್ನು ನೀವೂ ನೋಡಿರುತ್ತೀರಿ. ಆ ಉಪ್ಪು ಕಾಂಕ್ರೀಟ್ ಒಳಗೆ ಹೋದರೆ ರಾಡಿಗೆ ತುಕ್ಕು ಹಿಡಿಸುತ್ತದೆ. ಇಂಥ ನೆಲದಲ್ಲಿ ಫುಟಿಂಗ್‌ನ (ಕಾಲಮ್ ಕೆಳಗಿನ ಅಗಲದ ಪಾಯ) ರಾಡಿಗೆ ಸುತ್ತಲೂ 50 ಮಿ.ಮೀ. ಕಾಂಕ್ರೀಟ್ ಹೊದಿಕೆ ಇದೆಯಾ ಎಂದು ಟೇಪು ಹಿಡಿದು ನೋಡಲೇಬೇಕು.

ಕಲಸುವ ನೀರು

ಬಾಯಿಗೆ ಹಾಕಿಕೊಂಡರೆ ಉಪ್ಪು ಹತ್ತುವ ಬೋರ್ ನೀರನ್ನು ಕಾಂಕ್ರೀಟ್‌ಗೆ ಬಳಸಬೇಡಿ. ಅನುಮಾನ ಇದ್ದರೆ ಒಂದು ಬಾಟಲಿ ನೀರು ಲ್ಯಾಬ್‌ಗೆ ಕೊಡಿ. ಕಾಂಕ್ರೀಟ್ ಕೆಲಸಕ್ಕೆ ದೇಶದಲ್ಲಿ ಪಾಲಿಸುವ ಐಎಸ್ 456 ನಿಯಮದ ಪ್ರಕಾರ ರಾಡು ಇರುವ ಕಾಂಕ್ರೀಟ್‌ನ ನೀರಿನಲ್ಲಿ ಕ್ಲೋರೈಡ್ ಲೀಟರ್‌ಗೆ 500 ಮಿಲಿಗ್ರಾಂ ದಾಟಬಾರದು, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ಹೆಸರು ಒಂದೇ ಥರ ಕೇಳುವುದರಿಂದ ಕೆಲವರು ಫ್ಲೋರೈಡ್ ರಿಪೋರ್ಟ್ ತಂದು ತೋರಿಸುತ್ತಾರೆ. ಫ್ಲೋರೈಡ್ ನಮ್ಮ ಕಡೆ ಕುಡಿಯುವ ನೀರಿನ ತೊಂದರೆ. ಇಲ್ಲಿ ಕೇಳಬೇಕಾದದ್ದು ಕ್ಲೋರೈಡ್.

ತಮ್ಮನ ಮನೆಗೆ ಬೋರ್ ನೀರು ಬಿಟ್ಟು ಟ್ಯಾಂಕರ್‌ನಲ್ಲಿ ಕಾಲುವೆ ನೀರು ತರಿಸಿದೆವು. ಸಿಮೆಂಟಿನ ಖರ್ಚಿನ ಮುಂದೆ ಅದು ದೊಡ್ಡ ಮೊತ್ತ ಆಗಲಿಲ್ಲ.

ಸಾಮಾನು ಬಂದಾಗ

ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಬಳಸಬೇಡಿ. ಚೀಲದೊಳಗೆ ಕೈ ಹಾಕಿದರೆ ತಣ್ಣಗೆ, ನುಣ್ಣಗೆ ಇರಬೇಕು. ಗಂಟು ಇದ್ದರೆ ವಾಪಸ್ ಕಳಿಸಿ. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ, ಗೋಡೆಯಿಂದ ಒಂದು ಅಡಿ ದೂರ, ಹತ್ತಕ್ಕಿಂತ ಜಾಸ್ತಿ ಎತ್ತರ ಆಗದಂತೆ ಜೋಡಿಸಿ.

"53 ಗ್ರೇಡ್ ಇದ್ದರೇ ಗಟ್ಟಿ" ಎಂದು ಅಂಗಡಿಯವರು ಹೇಳುತ್ತಾರೆ. ಗ್ರೇಡ್ ಎಂದರೆ ಸಾದಾ ಸಿಮೆಂಟಿನ ಬಲದ ದರ್ಜೆ. ಸಾಮಾನ್ಯ ಮನೆಗೆ 53 ಕಡ್ಡಾಯ ಅಲ್ಲ. ಥರ್ಮಲ್ ಬೂದಿ ಸೇರಿದ ಪಿಪಿಸಿ, ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಸೇರಿದ ಪಿಎಸ್‌ಸಿ, ಎರಡೂ ಒಳ್ಳೆಯವೇ. ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳಲ್ಲಿ ಬೂದಿ ಇದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸ್ಲ್ಯಾಗ್ ಇದೆ. ಇವೆಲ್ಲ ನಮ್ಮ ನೆಲದ ಸಾಮಾನೇ. ಸವಳು ನೆಲಕ್ಕೆ ಸ್ಲ್ಯಾಗ್ ಸಿಮೆಂಟ್ ಚೆನ್ನಾಗಿ ಹೊಂದುತ್ತದೆ. ಒಂದೇ ವಿಷಯ ನೆನಪಿರಲಿ: ಇವು ನಿಧಾನವಾಗಿ ಗಟ್ಟಿಯಾಗುತ್ತವೆ. ಜಾಸ್ತಿ ದಿನ ನೀರು ಹೊಡೆಯಬೇಕು, ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿದಿಡುವ ತಾತ್ಕಾಲಿಕ ಅಚ್ಚು, ಆಸರೆ) ಬಿಚ್ಚಲು ಅವಸರ ಮಾಡಬಾರದು.

ಉಸುಕಿಗೆ ಬಾಟಲಿ ಪರೀಕ್ಷೆ ಸಾಕು. ಅರ್ಧ ಬಾಟಲಿ ಉಸುಕು, ಮೇಲೆ ನೀರು, ಒಂದು ಚಮಚ ಉಪ್ಪು. ಜೋರಾಗಿ ಅಲ್ಲಾಡಿಸಿ ಮೂರು ಗಂಟೆ ಸುಮ್ನೆ ಇಟ್ಟುಬಿಡಿ. ಉಸುಕಿನ ಮೇಲೆ ಮಣ್ಣಿನ ಪದರ ಕೂರುತ್ತದೆ. ಉಸುಕು 10 ಸೆಂ.ಮೀ. ಇದ್ದು ಮಣ್ಣು 8 ಮಿ.ಮೀ. ದಾಟಿದರೆ ಆ ಟ್ರಿಪ್ ಬೇಡ. ಇದು ನದಿ ಉಸುಕಿನ ಲೆಕ್ಕ. ಕಲ್ಲು ಒಡೆದು ತಯಾರಿಸುವ ಎಂ-ಸ್ಯಾಂಡ್‌ನಲ್ಲಿ ಕಲ್ಲಿನ ಪುಡಿ ಸ್ವಲ್ಪ ಜಾಸ್ತಿ ಇರುವುದು ಸಹಜ. ಆದರೆ ಕ್ರಷರ್ ಡಸ್ಟನ್ನೇ ಎಂ-ಸ್ಯಾಂಡ್ ಎಂದು ಇಳಿಸಿ ಹೋಗುವವರೂ ಇದ್ದಾರೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಕೈ ತುಂಬ ಹಿಟ್ಟಿನಂಥ ಪುಡಿ ಉಳಿದರೆ ಅನುಮಾನ ಪಡಿ.

ಅದೇ ಬಾಟಲಿಯಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಇದನ್ನು ಮಾಡುವವರು ಬಹಳ ಕಡಿಮೆ. ಉಸುಕು ಸ್ವಲ್ಪ ಒದ್ದೆ ಇದ್ದರೆ ಉಬ್ಬಿಕೊಳ್ಳುತ್ತದೆ, ಪುಟ್ಟಿ (ಬುಟ್ಟಿ) ತುಂಬಿದಂತೆ ಕಂಡರೂ ಒಳಗೆ ಉಸುಕು ಕಡಿಮೆ. ಒದ್ದೆ ಉಸುಕನ್ನು ಬಾಟಲಿಯಲ್ಲಿ 20 ಸೆಂ.ಮೀ. ತುಂಬಿ. ಅದನ್ನು ಹೊರಗೆ ಸುರಿದು, ಬಾಟಲಿಗೆ ಅರ್ಧ ನೀರು ಹಾಕಿ, ಉಸುಕನ್ನು ಮತ್ತೆ ನೀರೊಳಗೆ ಹಾಕಿ ಕಡ್ಡಿಯಿಂದ ಚುಚ್ಚಿ. ಈಗ 16 ಸೆಂ.ಮೀ.ಗೆ ಇಳಿದರೆ ಪ್ರತಿ 4 ಪುಟ್ಟಿ ಉಸುಕಿಗೆ ಇನ್ನೊಂದು ಪುಟ್ಟಿ ಸೇರಿಸಬೇಕು ಎಂದು ಅರ್ಥ. ಸೇರಿಸದಿದ್ದರೆ ಕಾಂಕ್ರೀಟ್ ಒರಟಾಗುತ್ತದೆ. ಒರಟಾದ ಕಾಂಕ್ರೀಟ್ ಹರಿಸಲು ಗೌಂಡಿ ಮತ್ತೆ ನೀರು ಹಾಕುತ್ತಾರೆ.

ರಾಡನ್ನು ತೂಕ ಮಾಡಿ ನೋಡಿ. 12 ಮೀಟರ್ ಉದ್ದದ ಒಂದು ರಾಡು 8 ಮಿ.ಮೀ. ಆದರೆ ಸುಮಾರು 4.7 ಕೆಜಿ, 10 ಮಿ.ಮೀ. ಆದರೆ 7.4 ಕೆಜಿ, 12 ಮಿ.ಮೀ. ಆದರೆ 10.7 ಕೆಜಿ, 16 ಮಿ.ಮೀ. ಆದರೆ 19 ಕೆಜಿ ತೂಗಬೇಕು. ಬೇರೆ ಸೈಜಿಗೆ ಲೆಕ್ಕ ಸುಲಭ: ಮಿ.ಮೀ. ಅಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್‌ನ ತೂಕ ಬರುತ್ತದೆ. 10 ಮಿ.ಮೀ.ವರೆಗಿನ ರಾಡಿಗೆ ನೂರಕ್ಕೆ 7ರಷ್ಟು, 12 ಮತ್ತು 16ಕ್ಕೆ ನೂರಕ್ಕೆ 5ರಷ್ಟು ಹೆಚ್ಚುಕಡಿಮೆಗೆ ನಿಯಮದಲ್ಲೇ ಅವಕಾಶ ಇದೆ. ಒಂದೇ ರಾಡು ತೂಗಬೇಡಿ, ಹತ್ತು ರಾಡು ತೂಗಿ ಸರಾಸರಿ ನೋಡಿ. ಮೇಲೆ ಕೆಂಪಗೆ ತೆಳುವಾಗಿ ತುಕ್ಕು ಇದ್ದರೆ ಗಾಬರಿ ಬೇಡ. ಪದರ ಪದರವಾಗಿ ಉದುರಿದರೆ ಬೇಡ. ಸಿಮೆಂಟ್, ರಾಡು ಎರಡರ ಐಎಸ್‌ಐ ಲೈಸೆನ್ಸ್ ನಂಬರನ್ನೂ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಇಟ್ಟಿಗೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡನ್ನು ತಟ್ಟಿದರೆ ಠಣ್ ಅನ್ನಬೇಕು. ಸೊಂಟದೆತ್ತರದಿಂದ ಬಿಟ್ಟರೆ ಒಡೆಯಬಾರದು. ಒಂದು ದಿನ ನೀರಲ್ಲಿಟ್ಟು ತೂಗಿದರೆ ಒಣ ತೂಕಕ್ಕಿಂತ ನೂರಕ್ಕೆ 20ರಷ್ಟು ಮಾತ್ರ ಹೆಚ್ಚಬಹುದು. ಬೂದಿ ಇಟ್ಟಿಗೆಗೂ ಇದೇ ಲೆಕ್ಕ.

ರಾಡು ಕಟ್ಟಿ ಮುಗಿದ ಸಂಜೆ

ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಂಡು ಸೆಂಟ್ರಿಂಗ್ ಮೇಲೆ ಹತ್ತಿ. ಇಂಜಿನಿಯರ್ ಜೊತೆಗೇ ಹತ್ತಿದರೆ ಇನ್ನೂ ಒಳ್ಳೆಯದು. ಕಾಂಕ್ರೀಟ್ ಮುಚ್ಚಿದ ಮೇಲೆ ಒಳಗಿರುವುದು ಯಾರಿಗೂ ಕಾಣುವುದಿಲ್ಲ.

ಮೊದಲು ಕವರ್ ಬ್ಲಾಕ್ ನೋಡಿ, ಅಂದರೆ ರಾಡನ್ನು ಶೀಟಿನಿಂದ ಎತ್ತಿ ಹಿಡಿಯಲು ಕೆಳಗೆ ಇಡುವ ಸಣ್ಣ ಬಿಲ್ಲೆ. ರಾಡು ಸೆಂಟ್ರಿಂಗ್ ಶೀಟಿಗೆ ತಾಗಿ ಮಲಗಿರಬಾರದು. ಸ್ಲ್ಯಾಬ್‌ಗೆ 20 ಮಿ.ಮೀ., ಬೀಮ್‌ಗೆ 25, ಕಾಲಮ್‌ಗೆ 40 ಮಿ.ಮೀ. ಬ್ಲಾಕ್ ಬೇಕು. ಒಡೆದ ಕಡಿ (ಜಲ್ಲಿ), ಕಟ್ಟಿಗೆ ಚೂರು, ಟೈಲ್ಸ್ ತುಂಡು ಇಟ್ಟು "ನಡಿತೈತ್ರಿ" ಅಂದರೆ ಒಪ್ಪಬೇಡಿ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಕವರ್ ಬ್ಲಾಕ್ ಇರಲಿಲ್ಲ, ರಾಡು ಶೀಟಿನ ಮೇಲೇ ಕೂತಿತ್ತು, ಮೂರೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು. ಇಡೀ ಮನೆಯ ಖರ್ಚಿನಲ್ಲಿ ಕವರ್ ಬ್ಲಾಕ್‌ನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಆಮೇಲೆ ಸಜ್ಜಾ, ಬಾಲ್ಕನಿ. ಒಂದೇ ಕಡೆ ಆಧಾರ ಇದ್ದು ಹೊರಗೆ ಚಾಚಿದ್ದಕ್ಕೆ ಮುಖ್ಯ ರಾಡು ಮೇಲ್ಭಾಗದಲ್ಲಿ ಇರಬೇಕು. ಬೀಮ್ ಮೇಲೆ ಹಾಯುವ ಸ್ಲ್ಯಾಬ್ ರಾಡೂ ಹಾಗೇ ಮೇಲಿರಬೇಕು. ಸಂಜೆ ಸರಿಯಾಗಿ ಕಟ್ಟಿರುತ್ತಾರೆ, ಬೆಳಿಗ್ಗೆ ಕೆಲಸದವರು ಓಡಾಡಿ ತುಳಿದು ಕೆಳಗಿಳಿಸಿಬಿಡುತ್ತಾರೆ. ಅದನ್ನು ಎತ್ತಿ ಹಿಡಿಯಲು ರಾಡನ್ನೇ ಮಡಚಿ ಮಾಡಿದ ಆಸರೆ (ಚೇರ್) ಇಡಿಸಿ, ಓಡಾಡಲು ಹಲಗೆ ಹಾಕಿಸಿ. ಬಾಲ್ಕನಿ ಕುಸಿದು ಬೀಳಲು ಇದೊಂದೇ ತಪ್ಪು ಸಾಕು. ಇಲ್ಲಿ ಯಾರ ಮುಲಾಜಿಗೂ ಒಳಗಾಗಬೇಡಿ.

ರಾಡಿಗೆ ರಾಡು ಕೂಡಿಸಿದ ಕಡೆ ಒಂದರ ಮೇಲೊಂದು ಸುಮಾರು ರಾಡಿನ ದಪ್ಪದ 50 ಪಟ್ಟು ಹಾಯಬೇಕು. 12 ಮಿ.ಮೀ. ರಾಡಿಗೆ ಎರಡು ಅಡಿ ಆಯಿತು. ಎಲ್ಲ ಜೋಡಣೆ ಒಂದೇ ಸಾಲಿನಲ್ಲಿ ಬರಬಾರದು. ಕಾಲಮ್‌ನ ರಾಡುಗಳನ್ನು ಸುತ್ತುವ ರಿಂಗಿನ ತುದಿ ಒಳಮುಖವಾಗಿ ಮಡಚಿರಬೇಕು. ಕೆಳಗೆ ಇಳಿದು ಸೆಂಟ್ರಿಂಗ್ ಹೊತ್ತ ಕಂಬಗಳನ್ನೂ (ಜಾಕ್) ನೋಡಿ. ಎರೆ ಮಣ್ಣಿನ ಮೇಲೆ ನೇರವಾಗಿ ನಿಲ್ಲಿಸಿದರೆ ಕಾಂಕ್ರೀಟಿನ ಭಾರಕ್ಕೆ ಹೂತು ಹೋಗುತ್ತವೆ. ಪ್ರತಿ ಜಾಕ್ ಕೆಳಗೂ ಹಲಗೆ ಬೇಕು.

ಇದೆಲ್ಲ ಟೇಪು ಇಟ್ಟು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಎಲ್ಲಾದರೂ ಡ್ರಿಲ್ ಮಾಡುವಾಗಲೂ ಆ ಫೋಟೊ ಉಪಯೋಗಕ್ಕೆ ಬರುತ್ತದೆ.

ಸ್ಲ್ಯಾಬ್ ದಿನ

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ಗಾಳಿ ಕಾಂಕ್ರೀಟಿನ ಮೇಲಿನ ತೇವವನ್ನು ಹೀರಿಬಿಡುತ್ತದೆ. ಆದಷ್ಟೂ ಆ ತಿಂಗಳು ಬಿಟ್ಟು ಸ್ಲ್ಯಾಬ್ ಇಟ್ಟುಕೊಳ್ಳಿ. ಆಗಲೇ ಆಗಬೇಕೆಂದರೆ ಬೆಳಕು ಹರಿಯುವ ಮುಂಚೆ ಪೂಜೆ ಮುಗಿಸಿ ಶುರು ಮಾಡಿ. ಕಡಿ, ಉಸುಕಿನ ರಾಶಿಗೆ ನೆರಳು ಇರಲಿ. ಬಿಸಿ ಸೆಂಟ್ರಿಂಗ್ ಶೀಟಿಗೆ, ರಾಡಿಗೆ ನೀರು ಚಿಮುಕಿಸಿ, ಆದರೆ ಎಲ್ಲೂ ನೀರು ನಿಂತಿರಬಾರದು.

ಊಟ, ಅತಿಥಿಗಳ ಜವಾಬ್ದಾರಿ ಮನೆಯ ಇನ್ನೊಬ್ಬರಿಗೆ ವಹಿಸಿ. ನೀವು ಮಿಕ್ಸರ್ ಪಕ್ಕ ಕುರ್ಚಿ ಹಾಕಿಕೊಳ್ಳಿ.

ಮನೆಯ ಆರ್‌ಸಿಸಿಗೆ (ರಾಡು ಇರುವ ಕಾಂಕ್ರೀಟ್) ಕನಿಷ್ಠ ಎಂ20 ಕಾಂಕ್ರೀಟ್ ಬೇಕು. ಕೈ ಅಳತೆಯಲ್ಲಿ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಉಸುಕು, ಮೂರು ಪಾಲು ಕಡಿ. 50 ಕೆಜಿ ಚೀಲದ ಸಿಮೆಂಟ್ ಸುಮಾರು 35 ಲೀಟರ್ ಜಾಗ ಹಿಡಿಯುತ್ತದೆ. ಆದ್ದರಿಂದ 40 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಅಳತೆ ಡಬ್ಬಿ ಮಾಡಿಸಿದರೆ ಚೀಲಕ್ಕೆ ಒಂದೂವರೆ ಡಬ್ಬಿ ಉಸುಕು, ಮೂರು ಡಬ್ಬಿ ಕಡಿ. ಉಬ್ಬಿದ ಉಸುಕಿನ ಲೆಕ್ಕ ಇದಕ್ಕೆ ಸೇರಿಸಿ. ಪುಟ್ಟಿಯಲ್ಲೇ ಹಾಕುವುದಾದರೆ ಬೆಳಿಗ್ಗೆಯೇ ಡಬ್ಬಿಗೆ ಎಷ್ಟು ಪುಟ್ಟಿ ಹಿಡಿಯುತ್ತದೆ ಎಂದು ನೋಡಿ ಗೌಂಡಿಗೆ ಹೇಳಿಬಿಡಿ.

ಈಗ ನೀರು. ಈ ಅಳತೆಗೆ ಒಂದು ಚೀಲಕ್ಕೆ ಹೆಚ್ಚೆಂದರೆ 30 ಲೀಟರ್, ಅಂದರೆ ಮೂರು ಬಕೆಟ್. ಉಸುಕು ಒದ್ದೆ ಇದ್ದರೆ ಅದರೊಳಗೇ ನಾಲ್ಕು ಲೀಟರ್ ಇರಬಹುದು, ಅದನ್ನೂ ಕಳೆಯಬೇಕು. ಮಿಕ್ಸರ್‌ಗೆ ಪೈಪ್ ಬಿಟ್ಟು ಅಂದಾಜಿನಲ್ಲಿ ನೀರು ಹಾಕಲು ಬಿಡಬೇಡಿ. ಬಕೆಟ್‌ನಲ್ಲೇ ಹಾಕಲಿ.

ಹತ್ತು ಗಂಟೆ ಹೊತ್ತಿಗೆ ಗೌಂಡಿ ಬಂದೇ ಬರುತ್ತಾರೆ: "ಗಟ್ಟಿ ಬರಾಕತ್ತೈತ್ರಿ ಸರ್, ಇನ್ನೊಂದ್ ಬಕೆಟ್ ಹಾಕ್ತೀನಿ." ಅವರ ಮೇಲೆ ಸಿಟ್ಟಾಗಬೇಡಿ. ಬಿಸಿಲಲ್ಲಿ ಗಟ್ಟಿ ಕಾಂಕ್ರೀಟ್ ಹೊತ್ತು, ಎಳೆದು, ಹರಡುವವರ ರಟ್ಟೆ ಸೋತಿರುತ್ತದೆ. ಆದರೆ ಆ ಒಂದು ಬಕೆಟ್ ಬಹಳ ಕೆಡಿಸುತ್ತದೆ. ಸಿಮೆಂಟ್ ಗಟ್ಟಿಯಾಗಲು ಬೇಕಾದ ನೀರು ಸ್ವಲ್ಪವೇ. ಉಳಿದ ನೀರು ಒಣಗಿ ಹೋಗುತ್ತದೆ, ಅದು ಇದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಮುಂದೆ ಮಳೆ ನೀರು ಇಳಿಯುವುದು ಅದೇ ತೂತುಗಳಲ್ಲಿ. ಇನ್ನೂ ಮೆತ್ತಗೆ ಬೇಕೆಂದರೆ ಪ್ಲಾಸ್ಟಿಸೈಜರ್ ಸಿಗುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ ಹಾಕಿದರೆ ನೀರು ಹೆಚ್ಚಿಸದೆಯೇ ಕಾಂಕ್ರೀಟ್ ಹರಿಯುತ್ತದೆ. ತಮ್ಮನ ಮನೆಯಲ್ಲಿ ಮೊದಲೇ ತರಿಸಿಟ್ಟಿದ್ದೆವು. ಜಗಳವೇ ಆಗಲಿಲ್ಲ.

ಎಲ್ಲ ಹಾಕಿದ ಮೇಲೆ ಮಿಕ್ಸರ್ ಕನಿಷ್ಠ ಎರಡು ನಿಮಿಷ ತಿರುಗಬೇಕು. ಟೀ ಹೊತ್ತಲ್ಲಿ ಬಿದ್ದಿದ್ದು ಬಿಗಿಯಾದ ಮಾಲಿಗೆ ನೀರು ಚಿಮುಕಿಸಿ ಮತ್ತೆ ಕಲಸುವುದನ್ನು ಕಂಡರೆ ಆ ಮಾಲು ಬೇಡ ಎನ್ನಿ. ಪ್ಲಾಂಟ್‌ನಲ್ಲೇ ಕಲಸಿ ಲಾರಿಯಲ್ಲಿ ಬರುವ ರೆಡಿಮಿಕ್ಸ್ ತರಿಸಿದರೆ ಲಾರಿಯ ಚೀಟಿಯಲ್ಲಿ ಗ್ರೇಡ್ ನೋಡಿ, ಲೋಡ್ ಆದ ಸಮಯ ನೋಡಿ. ಎರಡು ಗಂಟೆಯೊಳಗೆ ಇಳಿಸಿ ಮುಗಿಸಬೇಕು. ಸೈಟಿನಲ್ಲಿ ಡ್ರಮ್‌ಗೆ ನೀರು ಬಿಡಲು ಒಪ್ಪಬೇಡಿ.

ಕಾಂಕ್ರೀಟ್ ಅದುರಿಸಿ ಒಳಗಿನ ಗಾಳಿ ಹೊರಹಾಕುವ ವೈಬ್ರೇಟರ್ ನೆಟ್ಟಗೆ ಇಳಿಯಬೇಕು, ಗುಳ್ಳೆ ಬರುವುದು ನಿಂತ ಕೂಡಲೇ ನಿಧಾನ ಎತ್ತಬೇಕು, ಒಂದೂವರೆ ಅಡಿ ಬಿಟ್ಟು ಮತ್ತೆ ಇಳಿಸಬೇಕು. ಅದರಿಂದ ಕಾಂಕ್ರೀಟ್ ಎಳೆದು ಹರಡುವುದು ತಪ್ಪು, ಕಡಿ ಒಂದು ಕಡೆ, ಸಿಮೆಂಟ್ ಹಾಲು ಒಂದು ಕಡೆ ಆಗುತ್ತದೆ. ಬೀಮ್ ಕಾಲಮ್ ಕೂಡುವ ಮೂಲೆಯಲ್ಲಿ ರಾಡು ದಟ್ಟ ಇರುತ್ತದೆ, ಅಲ್ಲೇ ಪೊಳ್ಳು ಉಳಿಯುವುದು. ಅಲ್ಲಿ ನೀವೇ ಹೋಗಿ ನಿಲ್ಲಿ. ಕಾಲಮ್ ಹಾಕುವ ದಿನವೂ ಅಷ್ಟೇ: ಕಾಂಕ್ರೀಟನ್ನು ಒಂದೂವರೆ ಮೀಟರ್‌ಗಿಂತ ಮೇಲಿನಿಂದ ಸುರಿಯಬಾರದು. ಇನ್ನೊಂದು ವೈಬ್ರೇಟರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಕರೆಂಟ್ ಹೋದರೂ ಪೆಟ್ರೋಲಿನದು ನಡೆಯುತ್ತದೆ. ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದರೆ ಎಲ್ಲಿ ನಿಲ್ಲಿಸಬೇಕು ಎಂದು ಇಂಜಿನಿಯರ್ ಹೇಳಲಿ.

ಸಂಜೆ ಖಾಲಿ ಚೀಲ ಎಣಿಸಿ. ಈ ಅಳತೆಯ ಕಾಂಕ್ರೀಟ್ ಒಂದು ಘನ ಮೀಟರ್‌ಗೆ ಸುಮಾರು 8 ಚೀಲ ಸಿಮೆಂಟ್ ತಿನ್ನುತ್ತದೆ. 5 ಇಂಚಿನ ಸ್ಲ್ಯಾಬ್ ಆದರೆ 100 ಚದರ ಅಡಿಗೆ ಒಂಬತ್ತೂವರೆ ಚೀಲ ಆಯಿತು. 1,000 ಚದರ ಅಡಿಗೆ 94ರ ಆಸುಪಾಸು, ಬೀಮ್‌ನದು ಬೇರೆ. 70 ಚೀಲದಲ್ಲಿ ಮುಗಿದರೆ ಸ್ಲ್ಯಾಬ್ ತೆಳ್ಳಗಾಗಿದೆ, ಇಲ್ಲವೇ ಸಿಮೆಂಟ್ ಕಡಿಮೆ ಬಿದ್ದಿದೆ. "ಉಳಿಸಿಕೊಟ್ಟೆವು" ಎಂದರೆ ಖುಷಿಪಡಬೇಡಿ.

ಹಾಕುವಾಗಲೇ ಬೇರೆ ಬೇರೆ ಹೊತ್ತಿನಲ್ಲಿ 150 ಮಿ.ಮೀ. ಅಚ್ಚಿನಲ್ಲಿ ಆರು ಕ್ಯೂಬ್ ತೆಗೆಸಿ. ಮಾರನೇ ದಿನ ಬಿಚ್ಚಿ ನೀರಿನಲ್ಲೇ ಇಡಬೇಕು. ಮೂರನ್ನು 7 ದಿನಕ್ಕೆ, ಮೂರನ್ನು 28 ದಿನಕ್ಕೆ ಒಡೆಸಿ ನೋಡಬಹುದು. ಸಿವಿಲ್ ವಿಭಾಗ ಇರುವ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ವಿಚಾರಿಸಿ. ಎಂ20ಗೆ 28ನೇ ದಿನ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ಬಲ ಬರಬೇಕು ಎಂದರೆ ಆ ಗೇಣುದ್ದವೂ ಇಲ್ಲದ ಕ್ಯೂಬ್ ಸುಮಾರು 46 ಟನ್ ಭಾರ ತಡೆಯಬೇಕು. 7ನೇ ದಿನಕ್ಕೆ ಅದರ ಮೂರನೇ ಎರಡು ಭಾಗದಷ್ಟು ಬಂದಿರುತ್ತದೆ, ಪಿಪಿಸಿ ಅಥವಾ ಸ್ಲ್ಯಾಗ್ ಸಿಮೆಂಟಾದರೆ ಸ್ವಲ್ಪ ಹಿಂದೆ ಇರಬಹುದು.

ಆಮೇಲಿನ ಹದಿನಾಲ್ಕು ದಿನ

ಕಲಸುವಾಗ ನೀರಿಗೆ ಎಷ್ಟು ಜಿಪುಣರಾಗಿದ್ದಿರೋ ಈಗ ಅಷ್ಟೇ ಧಾರಾಳವಾಗಬೇಕು. ಸಿಮೆಂಟಿಗೆ ನೀರು ಸಿಗುವಷ್ಟು ದಿನ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಒಣಗಿದರೆ ಅಲ್ಲಿಗೇ ನಿಲ್ಲುತ್ತದೆ.

ಬಿಸಿಲು ಗಾಳಿಯ ದಿನ ಸ್ಲ್ಯಾಬ್ ಹಾಕಿದ ಒಂದೆರಡು ಗಂಟೆಯಲ್ಲೇ ಮೇಲ್ಮೈಯ ಹೊಳಪು ಹೋಗಿ ಕೂದಲೆಳೆ ಬಿರುಕು ಕಾಣಬಹುದು. ಮೇಲೆ ಮಟ್ಟ ಮಾಡಿ ಮುಗಿದಂತೆ ಪ್ಲಾಸ್ಟಿಕ್ ಶೀಟ್ ಮುಚ್ಚುತ್ತಾ ಬನ್ನಿ. ಕೈ ಒತ್ತಿದರೆ ಗುರುತು ಬೀಳದಷ್ಟು ಬಿಗಿಯಾದ ಮೇಲೆ ಒದ್ದೆ ಗೋಣಿ ಹಾಸಿ. ಮಾರನೇ ಬೆಳಿಗ್ಗೆ, ಗದ್ದೆಗೆ ಮಡಿ ಕಟ್ಟಿದ ಹಾಗೆ ಸ್ಲ್ಯಾಬ್ ಮೇಲೆ ಸಣ್ಣ ಸಣ್ಣ ಮಡಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ. ಭತ್ತದ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಎಷ್ಟು ದಿನ? ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ಎಂದು ನಿಯಮ. ನಮ್ಮಂಥ ಒಣ ಬಿಸಿಲಿಗೆ ಅದೇ 10 ದಿನ. ಪಿಪಿಸಿ, ಪಿಎಸ್‌ಸಿ ಆದರೆ 14 ದಿನ ಮಾಡಿ ಎನ್ನುತ್ತದೆ. ನಮ್ಮಲ್ಲಿ ಬಿಸಿಲೂ ಇದೆ, ಬಳಸುವುದೂ ಹೆಚ್ಚಾಗಿ ಆ ಸಿಮೆಂಟೇ. ಹಾಗಾಗಿ 14 ದಿನ ಎಂದೇ ಲೆಕ್ಕ ಇಟ್ಟುಕೊಳ್ಳಿ.

ಸ್ಲ್ಯಾಬ್‌ಗೆ ಹೇಗೋ ನೀರು ಸಿಗುತ್ತದೆ. ಪಾಪ, ಕಾಲಮ್‌ಗಳನ್ನು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಸಂಜೆ ಒಂದೊಂದು ಸಲ ಪೈಪ್ ಹಿಡಿದರೆ ಏಪ್ರಿಲ್ ಬಿಸಿಲಿಗೆ ಗಂಟೆಯೊಳಗೆ ಒಣಗುತ್ತವೆ. ಇಡೀ ಮನೆಯ ಭಾರ ಹೊರುವುದು ಅವೇ ಅಲ್ವಾ? ಪ್ರತಿ ಕಾಲಮ್‌ಗೂ ಗೋಣಿಚೀಲ ಸುತ್ತಿ ಹಗ್ಗ ಕಟ್ಟಿಸಿ. ಗೋಣಿ ಸಿಗದಿದ್ದರೆ ಭತ್ತದ ಹುಲ್ಲು ಸುತ್ತಿ. ಅದು ಯಾವಾಗ ಮುಟ್ಟಿದರೂ ಒದ್ದೆ ಇರಬೇಕು, ರಾತ್ರಿ ಕೂಡ. ಇದಕ್ಕೆಂದೇ ಒಬ್ಬರನ್ನು ಕೂಲಿ ಕೊಟ್ಟು ಇಟ್ಟುಕೊಳ್ಳಿ. ಲೇಬರ್ ಗುತ್ತಿಗೆಯಲ್ಲಿ ನೀರು ಹೊಡೆಯುವುದು ಯಾರ ಕೆಲಸ ಎಂದು ಮೊದಲೇ ಬರೆದುಕೊಳ್ಳದಿದ್ದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಸೆಂಟ್ರಿಂಗ್ ಬಾಡಿಗೆ ದಿನದ ಲೆಕ್ಕ, ಆದ್ದರಿಂದ ಬೇಗ ಬಿಚ್ಚುವ ಅವಸರ ಇರುತ್ತದೆ. ಸಾದಾ ಸಿಮೆಂಟಿನ ಲೆಕ್ಕದಲ್ಲಿ, ಎರಡು ಆಧಾರದ ನಡುವೆ 4.5 ಮೀಟರ್‌ವರೆಗಿನ ಸ್ಲ್ಯಾಬ್‌ನ ಜಾಕ್ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ ಇರಬೇಕು. ಬೀಮ್ ಕೆಳಗಿನವು 6 ಮೀಟರ್‌ವರೆಗೆ 14 ದಿನ, ಮೇಲಾದರೆ 21 ದಿನ. ಬೂದಿ, ಸ್ಲ್ಯಾಗ್ ಸಿಮೆಂಟಿಗೆ ಇನ್ನಷ್ಟು ದಿನ ಕಾಯಬೇಕು. ಎಷ್ಟು ಎಂದು ಇಂಜಿನಿಯರ್ ಹೇಳಲಿ. ಜಾಕ್ ಇರುವಾಗಲೇ ಮೇಲಿನ ಗೋಡೆಗೆಂದು ಇಟ್ಟಿಗೆ ರಾಶಿ ಹಾಕಬೇಡಿ.

ಬಿಚ್ಚಿದ ಮೇಲೆ, ಗಿಲಾವಿಗೆ ಮುಂಚೆ

ಗುತ್ತಿಗೆಯಲ್ಲಿ ಒಂದು ಸಾಲು ಸೇರಿಸಿ: ಸೆಂಟ್ರಿಂಗ್ ಬಿಚ್ಚಿದ ಮೇಲೆ ಮಾಲೀಕರು ನೋಡುವ ತನಕ ಸಿಮೆಂಟ್ ಹಾಲು ಬಳಿಯಬಾರದು, ಗಿಲಾವು ಮಾಡಬಾರದು. ಆಗ ಮಾತ್ರ ಇದ್ದದ್ದು ಇದ್ದಂತೆ ಕಾಣುತ್ತದೆ.

ಟಾರ್ಚ್ ಹಿಡಿದು ಬೀಮ್‌ನ ತಳ, ಕಾಲಮ್‌ನ ಬುಡ ನೋಡಿ. ಕಡಿ ಬಿಟ್ಟುಕೊಂಡು ಜೇನುಗೂಡಿನಂತೆ ತೂತು ಇದ್ದರೆ ಮೊಳೆಯಿಂದ ಕೆದಕಿ. ಮೇಲ್ಮೈಯಲ್ಲಷ್ಟೇ ಇದ್ದರೆ ಸರಿಮಾಡಬಹುದು. ರಾಡು ಕಂಡರೆ ಅಥವಾ ಮೊಳೆ ಒಳಗೆ ಹೋಗುತ್ತಲೇ ಇದ್ದರೆ ಇಂಜಿನಿಯರ್ ಬಂದು ನೋಡುವ ತನಕ ಮುಟ್ಟಬಾರದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಠಣ್ ಎನ್ನುವ ಕಡೆ ಗಟ್ಟಿ, ಬೊದ್ ಎನ್ನುವ ಕಡೆ ಪೊಳ್ಳು. ಮೊಳೆಯಿಂದ ಗೀರಿದರೆ ಬಿಳಿ ಗೆರೆ ಬಿದ್ದರೆ ಸಾಕು, ಪುಡಿ ಉದುರಬಾರದು. ಅನುಮಾನ ಬಂದರೆ ರೀಬೌಂಡ್ ಹ್ಯಾಮರ್ ಪರೀಕ್ಷೆ ಮಾಡಿಸಬಹುದು, ಒಡೆಯದೆಯೇ ಎಲ್ಲಿ ದುರ್ಬಲ ಇದೆ ಎಂದು ಅಂದಾಜು ಸಿಗುತ್ತದೆ.

ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ತಿಂಗಳ ನಂತರವೂ ಅಷ್ಟೇ ಇದ್ದರೆ ಹೆಚ್ಚಿನ ಸಲ ಅದು ಒಣಗುವಾಗ ಬಂದದ್ದು. ಗೆರೆ ದಾಟಿ ಬೆಳೆದಿದ್ದರೆ, ಅಥವಾ ಓರೆಯಾಗಿ ಮೂಲೆಯಿಂದ ಹೊರಟಿದ್ದರೆ ಪಾಯದ ಕಡೆ ನೋಡಬೇಕು.

ಗಿಲಾವಿನಲ್ಲಿ ಎರಡೇ ಮಾತು. ಕಾಲಮ್‌ಗೆ ಇಟ್ಟಿಗೆ ಗೋಡೆ ಕೂಡುವ ಕಡೆ ಜಾಳಿಗೆ ಹೊಡೆಸಿ, ಇಲ್ಲದಿದ್ದರೆ ಅಲ್ಲಿ ಉದ್ದಕ್ಕೂ ಸೀಳು ಬರುತ್ತದೆ. ಗಿಲಾವಿಗೂ ಏಳು ದಿನ ನೀರು ಬೇಕು.

ದುಡ್ಡನ್ನು ಪಾಯ, ಕಾಲಮ್, ಸ್ಲ್ಯಾಬ್, ಗಿಲಾವು ಎಂದು ಹಂತ ಹಂತವಾಗಿ ಕೊಡಿ, ಪ್ರತಿ ಹಂತದಲ್ಲೂ ನೋಡಿದ ಮೇಲೆ ಕೊಡಿ. ಕೊನೆಯ ಕಂತು ಉಳಿಸಿಕೊಂಡು ಮಾಳಿಗೆಗೆ ಹತ್ತಿ. ಇಳಿಜಾರು 100 ಸೆಂ.ಮೀ.ಗೆ ಒಂದು ಸೆಂ.ಮೀ. ಇರಬೇಕು. ನೀರು ಹೋಗುವ ಪೈಪುಗಳ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಡಿ. ತಮ್ಮನ ಮನೆಯಲ್ಲಿ ಎರಡನೇ ದಿನ ರಾತ್ರಿ ಟಾರ್ಚ್ ಹಿಡಿದು ಒಂದೊಂದು ಕೋಣೆಯ ಸೀಲಿಂಗ್ ನೋಡಿದೆವು. ಸ್ನಾನದ ಕೋಣೆಯ ಪೈಪ್ ಹಾಯುವ ಕಡೆ ಕೈಯಗಲ ತೇವ ಸಿಕ್ಕಿತು. ಗೌಂಡಿ ಬಂದು ಪೈಪ್ ಸುತ್ತ ಒಡೆದು ಮತ್ತೆ ಬಿಗಿ ಮಾಡಿದರು, ಇನ್ನೆರಡು ದಿನ ನೀರು ನಿಲ್ಲಿಸಿದೆವು, ಒಣಗಿಯೇ ಇತ್ತು. ಮಾರನೇ ಬೆಳಿಗ್ಗೆ ತಮ್ಮ ಕೊನೆಯ ಕಂತು ಕೊಟ್ಟ.